ಹೊಸ ಕೋರ್ಸಿಗೆ ಎಲ್ಲಿಂದ ಶುರು?

ಪ್ರಶ್ನೆ: ತುರುವೇಕೆರೆ ಕಡೆಯ ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಸುತ್ತಲೂ ತೆಂಗು, ಕೊಬ್ಬರಿ. ಆಹಾರ ಸಂಸ್ಕರಣೆಯಲ್ಲಿ ಬಿಎಸ್ಸಿ ತೆರೆಯುವ ಆಸೆ. ಪ್ರಸ್ತಾವ ಹೇಗೆ ಬರೆಯಲಿ?
– ಒಬ್ಬ ಉಪನ್ಯಾಸಕಿ

ಉತ್ತರ: ನಿಮ್ಮ ಆಸೆ ನನಗೆ ತುಂಬಾ ಹಿಡಿಸಿತು. ಪ್ರಾಂಶುಪಾಲನಾಗಿದ್ದಾಗ ಇಂಥ ಪ್ರಸ್ತಾವಗಳನ್ನು ಬರೆದಿದ್ದೇನೆ, ಬೇರೆ ಕಾಲೇಜುಗಳ ಪ್ರಸ್ತಾವಗಳ ತಪಾಸಣೆಗೂ ಹೋಗಿದ್ದೇನೆ.

ಮೊದಲು ನಿಮ್ಮ ಕಾಲೇಜು ಸ್ವಾಯತ್ತವೋ, ಬರೀ ವಿಶ್ವವಿದ್ಯಾಲಯಕ್ಕೆ ಸಂಯೋಜಿತವೋ ನೋಡಿ. ಸ್ವಾಯತ್ತವಾದರೆ ಪಠ್ಯಕ್ರಮ ನಿಮ್ಮದೇ ಅಧ್ಯಯನ ಮಂಡಳಿಯಲ್ಲಿ ಹುಟ್ಟುತ್ತದೆ. ಅಲ್ಲಿ ಕುಲಪತಿ ನಾಮನಿರ್ದೇಶಿಸಿದ ತಜ್ಞರು, ಉದ್ಯಮದವರು, ಹಳೆಯ ವಿದ್ಯಾರ್ಥಿಯೊಬ್ಬರು ಇರುತ್ತಾರೆ. ಸಂಯೋಜಿತವಾದರೆ ಪಠ್ಯಕ್ರಮ ವಿಶ್ವವಿದ್ಯಾಲಯದ್ದು. ನೀವು ಕೇಳುವುದು ಆ ಕೋರ್ಸಿಗೆ ಸಂಯೋಜನೆಯನ್ನು, ಅಂದರೆ ವಿಶ್ವವಿದ್ಯಾಲಯದ ಮಾನ್ಯತೆಯನ್ನು ಮಾತ್ರ.

ಪದವಿಯ ಹೆಸರಿನಲ್ಲಿ ಹೊಸತನ ಬೇಡ. 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 22ನೇ ಕಲಮಿನಂತೆ ಆಯೋಗ ಗೊತ್ತುಮಾಡಿದ ಪದವಿಗಳನ್ನಷ್ಟೇ ಕೊಡಬಹುದು. ಅವಧಿಯನ್ನೂ ಹಳೆಯ ಕಡತ ನೋಡಿ ಬರೆಯಬೇಡಿ: 2021-22ರಲ್ಲಿ ಬಂದ ನಾಲ್ಕು ವರ್ಷದ ಚೌಕಟ್ಟನ್ನು ರಾಜ್ಯ ಸರ್ಕಾರ 2024-25ರಿಂದ ಕೈಬಿಟ್ಟು ಮೂರು ವರ್ಷಕ್ಕೆ ಮರಳಿದೆ.

ತಪಾಸಣಾ ಸಮಿತಿಯಲ್ಲಿ ಕೂತಾಗ ನಾನು ಮೊದಲು ತಿರುವುತ್ತಿದ್ದದ್ದು ಕಾರ್ಯಭಾರದ ಪುಟ. ಸೂಕ್ಷ್ಮಜೀವಶಾಸ್ತ್ರವನ್ನು ಯಾರು ಕಲಿಸುತ್ತಾರೆ, ವಾರಕ್ಕೆ ಎಷ್ಟು ಗಂಟೆ, ಪ್ರಯೋಗಾಲಯ ಯಾವ ಹೊತ್ತಿಗೆ ಖಾಲಿ? ಇದಕ್ಕೆ ಉತ್ತರವಿಲ್ಲದೆ ಧ್ಯೇಯೋದ್ದೇಶಗಳನ್ನೇ ತುಂಬಿದ ಪ್ರಸ್ತಾವ ನನ್ನ ಮಟ್ಟಿಗೆ ಅರ್ಜಿಯೇ ಅಲ್ಲ. ಮಕ್ಕಳ ಮೂರು ವರ್ಷ ಅದರ ಮೇಲೆ ನಿಂತಿದೆ.

ಹತ್ತಿರದ ಪಿಯು ಕಾಲೇಜುಗಳ ವಿಜ್ಞಾನ ವಿದ್ಯಾರ್ಥಿಗಳನ್ನು ಈಗಲೇ ಕೇಳಿ, ಅಂಕಿಅಂಶ ಲಗತ್ತಿಸಿ. ತಿಪಟೂರಿನ ಕೊಬ್ಬರಿ ವ್ಯಾಪಾರಸ್ಥರನ್ನೂ ಎಣ್ಣೆ ಗಾಣದವರನ್ನೂ ಕಂಡು, ತರಬೇತಿಗೆ ಮಕ್ಕಳನ್ನು ಸೇರಿಸಿಕೊಳ್ಳುವ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.