ರಂಗನತಿಟ್ಟಿನಲ್ಲಿ ಮೇ ತಿಂಗಳ ಫೋಟೊಗಳು ಮಸುಕಾಗುತ್ತವೆ, ಲೆನ್ಸ್ ಬದಲಿಸಬೇಕೇ?

ಬೇಡ. ಮಧ್ಯಾಹ್ನ ಹನ್ನೆರಡರ ದೋಣಿಯಲ್ಲಿ 100-400 ಲೆನ್ಸಿನಿಂದ ದೂರದ ಬಂಡೆಯ ಹಕ್ಕಿಗಳನ್ನು ತೆಗೆದೆ ಎಂದಿದ್ದೀರಿ. ಆ ಹೊತ್ತಿನಲ್ಲಿ ಜೂಮ್ ಇಲ್ಲದ ದೊಡ್ಡ 600 ಎಂಎಂ ಪ್ರೈಮ್ ಲೆನ್ಸ್ ಇದ್ದರೂ ಅದೇ ಗತಿ. ಕಾದ ಬಂಡೆಯಿಂದ ಏಳುವ ಬಿಸಿಗಾಳಿ ನೀರಿನ ಮೇಲಿನ ತಂಪುಗಾಳಿಯ ಜೊತೆ ಬೆರೆಯುವಾಗ ಬೆಳಕು ಅಲ್ಲಲ್ಲಿ ಬಾಗುತ್ತದೆ. ದೂರ ಹೆಚ್ಚಿದಷ್ಟೂ ಮಸುಕು ಹೆಚ್ಚು. ಪರೀಕ್ಷೆ ಸುಲಭ: ಶಟರ್ ವೇಗವನ್ನು 1/3200 ಸೆಕೆಂಡಿಗೆ ಏರಿಸಿ ಹತ್ತು ಫ್ರೇಮ್ ಒಟ್ಟಿಗೆ ಹೊಡೆಯಿರಿ. ಹಕ್ಕಿಯ ಅಂಚು ಒಂದೊಂದು ಫ್ರೇಮಿನಲ್ಲಿ ಒಂದೊಂದು ಥರ ಕದಡಿದ್ದರೆ ಅದು ಝಳ. ಹಿಂದಿನ ಕೊಂಬೆ ಸ್ಪಷ್ಟವಾಗಿದ್ದು ಹಕ್ಕಿ ಮಾತ್ರ ಮಸುಕಾಗಿದ್ದರೆ ಫೋಕಸ್ ತಪ್ಪಿದೆ. ಎಡಿಟಿಂಗ್‌ನಲ್ಲಿ ಶಾರ್ಪ್ ಮಾಡಲು ಹೋದರೆ ಝಳವೂ ಶಾರ್ಪ್ ಆಗುತ್ತದೆ, ಅಷ್ಟೇ.

ಗೇಟು ತೆರೆದ ಕೂಡಲೇ ಹೊರಡುವ ದೋಣಿ ಹಿಡಿಯಿರಿ, ಇಲ್ಲವೇ ಸಂಜೆಯ ಕೊನೆಯದು. ನಾಲ್ಕೈದು ಜನ ಸೇರಿ ಪ್ರತ್ಯೇಕ ದೋಣಿ ಮಾಡಿಕೊಂಡರೆ ಸೂರ್ಯ ಬೆನ್ನಿಗೆ ಬರುವಂತೆ ನಿಲ್ಲಿಸಿಕೊಳ್ಳಬಹುದು. ಎಲ್ಲರ ಜೊತೆಗಿನ ದೋಣಿಯಲ್ಲಿ ಆ ಪುರುಸೊತ್ತು ಸಿಗುವುದಿಲ್ಲ. ಟ್ರೈಪಾಡ್ ಕಾರಿನಲ್ಲೇ ಇರಲಿ. ದೋಣಿ ಅಲುಗಿದರೆ ಅದೂ ಅಲುಗುತ್ತದೆ. ಕ್ಯಾಮೆರಾ ಪಟ್ಟಿಯನ್ನು ಲೈಫ್ ಜಾಕೆಟ್ಟಿನ ಮೇಲೆ ಹಾಕಿಕೊಳ್ಳಿ, ಒಳಗೆ ಸಿಕ್ಕಿಕೊಂಡರೆ ಬೇಕಾದಾಗ ಮೇಲೆತ್ತಲು ಆಗದು.

ಕೂತ ಹಕ್ಕಿಗೂ ಶಟರ್ ವೇಗ 1/1000ಕ್ಕಿಂತ ಕೆಳಗಿಳಿಯಬೇಡಿ. ಸ್ಟೆಬಿಲೈಸೇಶನ್ ನಿಮ್ಮ ಕೈನಡುಕ ತಡೆದೀತು, ಹಕ್ಕಿಯ ಚಲನೆಯನ್ನಲ್ಲ. ಹಾರುವ ನದಿ ರೀವಕ್ಕೆ, ಅಂದರೆ ರಿವರ್ ಟರ್ನ್‌ಗೆ, 1/2500 ಬೇಕು. ಆಟೊ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ತಾನೇ ಹೊಂದಿಸಿಕೊಳ್ಳುವ ಸೂಕ್ಷ್ಮತೆ, ಅದರ ಮಿತಿ 3200 ಇಡಿ. ಬಣ್ಣದ ಕೊಕ್ಕರೆ, ಚಮಚದ ಕೊಕ್ಕುಗಳ ಹಿಂದೆ ಕಡುಹಸಿರು ಬಿದಿರಿದ್ದರೆ ಕ್ಯಾಮೆರಾದ ಬೆಳಕಿನ ಮೀಟರ್ ಕತ್ತಲೆಯೆಂದು ಎಣಿಸಿ ಬೆಳಕು ಹೆಚ್ಚಿಸುತ್ತದೆ, ಬಿಳಿ ಗರಿಯ ವಿವರ ಸುಟ್ಟುಹೋಗುತ್ತದೆ. ಎಕ್ಸ್‌ಪೋಶರ್ −0.7 ಇಂದ −1 ಮಾಡಿ, ರಾ ಫೈಲ್‌ನಲ್ಲೇ, ಅಂದರೆ ಕ್ಯಾಮೆರಾ ತಿದ್ದದ ಮೂಲ ಫೈಲ್‌ನಲ್ಲೇ, ತೆಗೆಯಿರಿ. ಹಿಂದೆ ಬರೀ ಆಕಾಶವಿದ್ದರೆ ಇದು ಉಲ್ಟಾ: +1. ಇದನ್ನು ಮರೆತು ಹಕ್ಕಿಯ ನೆರಳು ಮಾತ್ರ ಮನೆಗೆ ತರುವವರೇ ಹೆಚ್ಚು. ಕೊಂಬೆಗಳ ನಡುವೆ ಸಿಂಗಲ್ ಪಾಯಿಂಟ್ ಫೋಕಸ್, ಬಯಲಿನಲ್ಲಿ ಹಾರುವುದಕ್ಕೆ ಅಗಲ ಏರಿಯಾ.

ಬೇಸಿಗೆಗೆಂದೇ ಕಾದು ತೆಗೆಯಬೇಕಾದ ವರ್ತನೆಗಳಿವೆ. ಬಣ್ಣದ ಕೊಕ್ಕರೆ ಗೂಡಿನಲ್ಲಿ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿಯುತ್ತದೆ. ಹೆಜ್ಜಾರ್ಲೆ (ಪೆಲಿಕನ್), ನೀರುಕಾಗೆಗಳು ಬಾಯಿ ತೆರೆದು ಗಂಟಲು ಅದುರಿಸುತ್ತವೆ. ನದಿ ರೀವ ಹೊಟ್ಟೆ ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ಆದರೆ ಬಂಡೆಯ ಹತ್ತಿರ ಒಯ್ಯಿ ಎಂದು ದೋಣಿಯವರನ್ನು ಪೀಡಿಸಬೇಡಿ. ತಾಯಿಹಕ್ಕಿ ಎದ್ದರೆ ಮೊಟ್ಟೆ ಕಾದ ಕಲ್ಲಿನ ಮೇಲೆ ನೆರಳಿಲ್ಲದೆ ಉಳಿಯುತ್ತದೆ, ಮೇ ಬಿಸಿಲಿಗೆ ಬೇಗ ಹಾಳಾಗುತ್ತದೆ. ಅಂಥ ಫೋಟೊ ಎಷ್ಟು ಚೆನ್ನಾಗಿದ್ದರೂ ನನಗೆ ಬೇಡ.

ಹತ್ತೂವರೆಯಿಂದ ಮೂರೂವರೆವರೆಗೆ ದೂರದ್ದನ್ನು ಬಿಟ್ಟುಬಿಡಿ. ಹತ್ತಿರದ ಮರಗಳಲ್ಲಿ ನೇತಾಡುತ್ತ ರೆಕ್ಕೆ ಬೀಸಿಕೊಳ್ಳುವ ತೊಗಲುಬಾವಲಿಗಳು 20 ಮೀಟರ್ ಒಳಗೆ ಸಿಕ್ಕರೆ ಝಳದ ಕಾಟ ಕಡಿಮೆ.

ಹೊರಡುವ ಮುನ್ನ ದೋಣಿ ಇದೆಯೇ ಎಂದು ಫೋನ್ ಮಾಡಿ ಕೇಳಿ. ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಟ್ಟರೆ ನಿಲ್ಲಿಸುತ್ತಾರೆ. ನಿಂತಿದ್ದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ. ಅಲ್ಲಿ ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ನಿಮ್ಮ 400 ಎಂಎಂ ಅಲ್ಲಿಗೆ ಧಾರಾಳ.