ಓದುಗರ ಪ್ರಶ್ನೆ: ಅಯಾನ್ ಎಂಜಿನ್‌ಗೆ ಬಲ ಯಾಕೆ ಇಷ್ಟು ಕಡಿಮೆ?

ಪ್ರಶ್ನೆ: ಅಯಾನ್ ಎಂಜಿನ್ ನೌಕೆಯನ್ನು ತಳ್ಳುವ ಬಲ ಬರೀ ಒಂಬತ್ತು ಗ್ರಾಂ ಭಾರದಷ್ಟು ಅಂತ ಓದಿದೆ. ಅಷ್ಟರಿಂದ ಏನು ಪ್ರಯೋಜನ? ಸೋಲಾರ್ ಕರೆಂಟ್ ಇದೆಯಲ್ಲ, ಬಲ ಜಾಸ್ತಿ ಮಾಡಬಾರದಾ?
– ಪಿಯುಸಿ ವಿದ್ಯಾರ್ಥಿನಿ, ಯಶವಂತಪುರ, ಬೆಂಗಳೂರು

ಉತ್ತರ: ಕರೆಂಟ್ ಅಂದಿರಲ್ಲ, ವಿಷಯ ಇರುವುದೇ ಅಲ್ಲಿ. ಮೊದಲು ಎಂಜಿನ್ ಒಳಗೆ ಇಣುಕೋಣ.

ನೀವು ಹೇಳಿದ ಬಲ ನಾಸಾದ ಎನ್‌ಸ್ಟಾರ್ ಎಂಜಿನ್‌ನದು. 1998ರಲ್ಲಿ ಡೀಪ್ ಸ್ಪೇಸ್ 1 ನೌಕೆಯಲ್ಲಿ ಹೋಗಿದ್ದು ಅದೇ. 30 ಸೆಂಟಿಮೀಟರ್ ಅಗಲ. ಅದರೊಳಗೆ ಕ್ಸೆನಾನ್ ಅನಿಲ ಬಿಡುತ್ತಾರೆ, ಎಲೆಕ್ಟ್ರಾನ್‌ಗಳನ್ನೂ ಬಿಡುತ್ತಾರೆ. ಎಲೆಕ್ಟ್ರಾನ್ ಬಡಿದ ಕ್ಸೆನಾನ್ ಪರಮಾಣು ತನ್ನದೊಂದು ಎಲೆಕ್ಟ್ರಾನ್ ಕಳೆದುಕೊಂಡು ಧನ ಅಯಾನು ಆಗುತ್ತದೆ. ಎಂಜಿನ್‌ನ ಬಾಯಿಗೆ ಎರಡು ತೆಳುವಾದ ಮಾಲಿಬ್ಡಿನಮ್ ಲೋಹದ ಜಾಲರಿ. ನಡುವಿನ ಸಂದು ಒಂದು ಮಿಲಿಮೀಟರೂ ಇಲ್ಲ, ವೋಲ್ಟೇಜ್ ಮಾತ್ರ ಸಾವಿರಕ್ಕಿಂತ ಜಾಸ್ತಿ. ಆ ಸಾವಿರಾರು ತೂತುಗಳಿಂದ ಅಯಾನುಗಳು ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಚಿಮ್ಮುತ್ತವೆ. ಮಾಮೂಲಿ ರಾಕೆಟ್‌ನ ಬಿಸಿ ಅನಿಲ 3ರಿಂದ 4.5 ಕಿಲೋಮೀಟರ್ ಮುಟ್ಟಿದರೆ ಹೆಚ್ಚು.

ಹೊರಗಡೆ ಒಂದು ಪುಟ್ಟ ಕ್ಯಾಥೋಡ್, ಅಂದರೆ ಎಲೆಕ್ಟ್ರಾನ್ ಹೊಮ್ಮಿಸುವ ಸಾಧನ, ಇರುತ್ತದೆ. ಬಹಳ ಜನ ಇದನ್ನು ಹೇಳುವುದೇ ಇಲ್ಲ, ನನಗೆ ಇದೇ ಅಚ್ಚುಮೆಚ್ಚು. ಬರೀ ಧನ ಅಯಾನುಗಳನ್ನೇ ಎಸೆಯುತ್ತಾ ಹೋದರೆ ನೌಕೆಯಲ್ಲಿ ಋಣ ವಿದ್ಯುತ್ ತುಂಬಿಕೊಳ್ಳುತ್ತದೆ. ಎಸೆದದ್ದನ್ನು ನೌಕೆಯೇ ವಾಪಸ್ ಎಳೆಯುತ್ತದೆ. ಹಾಗಾಗಬಾರದು ಅಂತ ಈ ಕ್ಯಾಥೋಡ್ ಅಯಾನುಗಳ ಜೊತೆಗೇ ಎಲೆಕ್ಟ್ರಾನ್‌ಗಳನ್ನೂ ಹೊರಗೆ ಕಳಿಸುತ್ತದೆ.

ಈಗ ಕರೆಂಟ್. ಬಲವನ್ನು ವೇಗದಿಂದ ಗುಣಿಸಿ ಅರ್ಧ ಮಾಡಿ. 0.092 ನ್ಯೂಟನ್, 30,000 ಮೀಟರ್ ವೇಗ. ಸುಮಾರು 1,400 ವ್ಯಾಟ್ ಬಂತು ಅಲ್ವಾ? ನಷ್ಟ ಸೇರಿ ನಿಜಕ್ಕೂ ಬೇಕಾಗುವುದು 2,300. ನಿಮ್ಮ ಬಚ್ಚಲಿನ ಗೀಸರ್ ತಿನ್ನುವಷ್ಟು, ಒಂಬತ್ತು ಗ್ರಾಂ ಬಲಕ್ಕೆ! ಅಯಾನುಗಳ ವೇಗ ಎರಡರಷ್ಟಾದರೆ ಅದೇ ಬಲಕ್ಕೆ ಅರ್ಧ ಅನಿಲ ಸಾಕು, ಕರೆಂಟ್ ಮಾತ್ರ ಎರಡರಷ್ಟು ಬೇಕು. ಪ್ಯಾನೆಲ್ ಎಷ್ಟು ಕೊಡುತ್ತದೋ ಅಷ್ಟೇ ಬಲ. ಸೂರ್ಯನಿಂದ ದೂರ ಹೋದ ಹಾಗೆ ಅದೂ ಇಳಿಯುತ್ತದೆ. ಅಯಾನ್ ಎಂಜಿನ್‌ನಲ್ಲೇ ಹೋದ ನಾಸಾದ ಡಾನ್ ನೌಕೆಯ ಪ್ಯಾನೆಲ್ ಭೂಮಿಯ ಹತ್ತಿರ 10 ಕಿಲೋವ್ಯಾಟ್ ಕೊಡುತ್ತಿತ್ತು, ಮೂರು ಪಟ್ಟು ದೂರದಲ್ಲಿ ಸುಮಾರು 1.3.

ಅಷ್ಟರಲ್ಲೇ ಡಾನ್ 2011ರಲ್ಲಿ ವೆಸ್ಟಾ ಎಂಬ ಕ್ಷುದ್ರಗ್ರಹ ಸುತ್ತಿತು, ಅಲ್ಲಿಂದ ಹೊರಟು 2015ರಲ್ಲಿ ಸೆರೆಸ್ ಎಂಬ ಕುಬ್ಜಗ್ರಹ ಸೇರಿತು. ಬೇರೆ ಬೇರೆ ಎರಡು ಲೋಕಗಳನ್ನು ಸುತ್ತಿದ ಮೊದಲ ನೌಕೆ ಅದು. ತುಂಬಿಕೊಂಡು ಹೋಗಿದ್ದ ಕ್ಸೆನಾನ್ 425 ಕೆ.ಜಿ. ವೇಗದಲ್ಲಿ ತಂದ ಬದಲಾವಣೆ ಸೆಕೆಂಡಿಗೆ 11 ಕಿಲೋಮೀಟರ್‌ಗೂ ಮಿಗಿಲು. ವರ್ಷಗಟ್ಟಲೆ ಬಿಡದೆ ತಳ್ಳಿದ್ದರ ಫಲ. ನೆಲದಿಂದ ಏಳಲು ಮಾತ್ರ ಇದು ಆಗದ ಕೆಲಸ. ಎಂಜಿನ್ ತನ್ನ ಭಾರವನ್ನೇ ಎತ್ತಲಾರದು.

ಪೀಣ್ಯದಲ್ಲಿ ವ್ಯಾಕ್ಯೂಮ್ ಪಂಪ್‌ಗಳ ಜೊತೆಗೇ ನೌಕರಿ ಮುಗಿಸಿದವನು ನಾನು. ಹಾಗಾಗಿ ಪರೀಕ್ಷೆಯ ಕಡೆಗೇ ಮನಸ್ಸು ಹೋಗುತ್ತದೆ. ಎಂಜಿನ್ ಅನಿಲ ಉಗುಳುತ್ತಲೇ ಇರುತ್ತದೆ, ಪರೀಕ್ಷೆ ನಡೆಸುವ ನಿರ್ವಾತ ಕೋಣೆಯ ಪಂಪ್ ಅದನ್ನು ಹೊರಗೆ ಹಾಕುತ್ತಲೇ ಇರಬೇಕು. ಉಳಿದ ಅನಿಲ ತಿರುಗಿ ಎಂಜಿನ್‌ಗೆ ಹೊಕ್ಕರೆ ಅಳತೆಯೇ ಕೆಡುತ್ತದೆ. ಡೀಪ್ ಸ್ಪೇಸ್ 1ಕ್ಕೆಂದು ನೆಲದಲ್ಲೇ ಇಟ್ಟುಕೊಂಡಿದ್ದ ಬದಲಿ ಎಂಜಿನ್ ಅನ್ನು ಹೀಗೆ 2003ರವರೆಗೆ 30,352 ಗಂಟೆ ಓಡಿಸಿದರು. ಅಯಾನುಗಳ ಹೊಡೆತಕ್ಕೆ ಜಾಲರಿ ಎಷ್ಟು ಸವೆಯುತ್ತದೆ ಅಂತ ತಿಳಿಯಲು ಬೇರೆ ಅಡ್ಡದಾರಿ ಇಲ್ಲ. ನಮ್ಮ ಇಸ್ರೋ ಕೂಡ 2025ರಲ್ಲಿ 300 ಮಿಲಿನ್ಯೂಟನ್‌ನ ಪ್ಲಾಸ್ಮಾ ಥ್ರಸ್ಟರ್ ಅನ್ನು 1,000 ಗಂಟೆ ಪರೀಕ್ಷಿಸಿತು. ಅದಕ್ಕೆ ಜಾಲರಿ ಇಲ್ಲ, ಅಯಾನುಗಳನ್ನು ಓಡಿಸುವ ರೀತಿಯೇ ಬೇರೆ.

ಪ್ರಶ್ನೆ: ಕ್ಸೆನಾನೇ ಯಾಕೆ ಬೇಕು?
– ಅದೇ ಓದುಗರು

ಉತ್ತರ: ಪರಮಾಣು ಭಾರ, ಎಲೆಕ್ಟ್ರಾನ್ ಕಿತ್ತುಕೊಳ್ಳುವುದು ಸುಲಭ, ಯಾವ ಲೋಹವನ್ನೂ ತಿನ್ನುವುದಿಲ್ಲ, ಒತ್ತಿ ತುಂಬಿದರೆ ಸಣ್ಣ ಟ್ಯಾಂಕ್ ಸಾಕು. 1964ರಲ್ಲಿ ಬಾಹ್ಯಾಕಾಶದಲ್ಲಿ ನಡೆದ ಮೊದಲ ಪ್ರಯೋಗದಲ್ಲಿ ಪಾದರಸ ಬಳಸಿದ್ದರು, ಆದರೆ ಅದು ವಿಷ. ಕ್ಸೆನಾನ್‌ನ ಒಂದೇ ತೊಂದರೆ ಬೆಲೆ. ಅದಕ್ಕೇ ಸ್ಟಾರ್‌ಲಿಂಕ್ ಉಪಗ್ರಹಗಳು ಮೊದಲು ಕ್ರಿಪ್ಟಾನ್‌ಗೆ, ಆಮೇಲೆ ಆರ್ಗಾನ್‌ಗೆ ಹೋದವು.