ಸ್ಪೀಡ್ ಇಳಿಸಿದ್ರೆ ಮೃದಂಗ ಯಾಕೆ ತೊದಲುತ್ತೆ?

ಪ್ರಶ್ನೆ: ಸರ್, ರಿಟೈರ್ ಆದ್ಮೇಲೆ ಪಿಟೀಲು ಕಲಿಯೋಕೆ ಶುರು ಮಾಡಿದೀನಿ. ಮೇಷ್ಟ್ರು ಪಾಠದ ವಿಡಿಯೋ ವಾಟ್ಸಾಪಲ್ಲಿ ಕಳಿಸ್ತಾರೆ, ಅವರ ವೇಗಕ್ಕೆ ನನ್ನ ಬೆರಳು ಓಡಲ್ಲ ಅಂತ ಲ್ಯಾಪ್‌ಟಾಪಲ್ಲಿ ವಿಎಲ್‌ಸಿ ಅನ್ನೋ ಪ್ಲೇಯರ್ ಹಾಕ್ಕೊಂಡು ಅರ್ಧ ಸ್ಪೀಡಿಗೆ ಇಳಿಸ್ತೀನಿ. ಆಗ ಪಿಟೀಲಿನ ನಾದ ನೀರೊಳಗಿಂದ ಬಂದ ಹಾಗೆ ನಡುಗುತ್ತೆ, ಮೃದಂಗದ ಒಂದೊಂದು ಪೆಟ್ಟೂ ಎರಡೆರಡು ಸಲ ಕೇಳ್ಸುತ್ತೆ. ಮಗ ನೋಡಿ "ಅಮ್ಮ, ಸ್ಪೀಕರ್ ಹೋಗಿದೆ, ಹೊಸದು ತಗೋ" ಅಂತಾನೆ. ತಗೊಳ್ಳಲಾ?
– ಶಿವಮೊಗ್ಗದ ಓದುಗರು

ಉತ್ತರ: ಬೇಡ ಮೇಡಂ, ದುಡ್ಡು ಪರ್ಸಲ್ಲೇ ಇರಲಿ. ಮೊದ್ಲು ಕೀಬೋರ್ಡಲ್ಲಿ = ಕೀ ಒತ್ತಿ, ವಿಎಲ್‌ಸಿ ಮಾಮೂಲಿ ಸ್ಪೀಡಿಗೆ ವಾಪಸ್ ಬರುತ್ತೆ. ಅಲ್ಲಿ ಸೌಂಡ್ ಚೆನ್ನಾಗಿದ್ರೆ ಸ್ಪೀಕರ್ ಪಾಪ ಏನೂ ಮಾಡಿಲ್ಲ. ಅಲ್ಲೂ ಗರಗರ ಅಂದ್ರೆ ವಾಲ್ಯೂಮ್ ನೋಡ್ಕೊಳ್ಳಿ, ವಿಎಲ್‌ಸಿಲಿ ನೂರು ಪರ್ಸೆಂಟ್ ದಾಟಿ ಮೇಲಕ್ಕೆಳೆಯೋಕೆ ಬಿಡ್ತಾರೆ, ದಾಟಿದ್ರೆ ಸೌಂಡ್ ಒಡೀಬಹುದು.

ನಿಮ್ಮ ಕೇಸಲ್ಲಿ ಆಗ್ತಿರೋದು ಬೇರೆ. ಹಳೇ ಟೇಪ್ ರೆಕಾರ್ಡರಲ್ಲಿ ಬ್ಯಾಟರಿ ಇಳಿದಾಗ ಹಾಡು ಎಳೆದಾಡ್ಕೊಂಡು ದನಿನೂ ದಪ್ಪ ಆಗ್ತಿತ್ತಲ್ಲ, ಅದೇ ಸಹಜ, ವೇಗ ಇಳಿದ್ರೆ ಶ್ರುತಿನೂ ಇಳಿಯುತ್ತೆ. ಈಗಿನ ಪ್ಲೇಯರ್‌ಗಳು ಶ್ರುತಿ ಇಳಿಯದೆ ವೇಗ ಮಾತ್ರ ಇಳೀಲಿ ಅಂತ ಒಂದು ಕಸರತ್ತು ಮಾಡ್ತವೆ: ಸೌಂಡನ್ನ ಸಣ್ಣ ಸಣ್ಣ ಚೂರು ಮಾಡಿ, ಜಾಗ ತುಂಬೋಕೆ ಅದೇ ಚೂರಿನ ಭಾಗನ ಮತ್ತೆ ಮತ್ತೆ ಬಳಸಿ, ಅಂಚು ಒಂದರ ಮೇಲೊಂದು ಬರೋ ಹಾಗೆ ಅಂಟಿಸ್ತವೆ. ವಿಎಲ್‌ಸಿಲಿ ಒಂದು ಚೂರು 30 ಮಿಲಿಸೆಕೆಂಡು, ಅಂಟೋ ಭಾಗ ಅದರಲ್ಲಿ ಐದನೇ ಒಂದು. ಒಬ್ಬರು ಮಾತಾಡೋದಕ್ಕೆ ಇದು ಸಾಕು, ಮಾತಿನ ಸ್ವರ ಚೂರಿಂದ ಚೂರಿಗೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತಲ್ಲ, ಹೊಲಿಗೆ ಕಾಣಲ್ಲ. ಆದ್ರೆ ಮೃದಂಗದ "ತ" ಅನ್ನೋ ಪೆಟ್ಟು ಕಣ್ಣು ಮಿಟುಕಿಸೋದ್ರೊಳಗೆ ಮುಗಿದುಹೋಗುತ್ತೆ, ಆ ಚೂರನ್ನ ಎರಡು ಸಲ ಅಂಟಿಸಿದ್ರೆ "ತತ". ಪಿಟೀಲು, ತಂಬೂರಿ, ಮೃದಂಗ ಮೂರೂ ಒಟ್ಟಿಗೆ ಇದ್ರಂತೂ ಒಂದಕ್ಕೆ ಸರಿಹೋಗೋ ಹೊಲಿಗೆ ಇನ್ನೊಂದಕ್ಕೆ ಸರಿಹೋಗಲ್ಲ, ಸ್ವರ ಓಲಾಡೋ ಗಮಕದ ಕಡೆ ನಡುಕ ಬರೋದು ಅದಕ್ಕೇ.

ಈಗ ನಿಮ್ಮಂಥ ಸಂಗೀತದವರಿಗೆ ಮಾತ್ರ ಕೈಗೂಡೋ ಒಂದು ಉಪಾಯ. ವಿಎಲ್‌ಸಿಲಿ ಕಂಟ್ರೋಲ್-ಪಿ ಒತ್ತಿ, ಆಡಿಯೋ ಅನ್ನೋ ಕಡೆ ಹೋಗಿ, "ಟೈಮ್ ಸ್ಟ್ರೆಚಿಂಗ್ ಆಡಿಯೋ" ಅಂತ ಒಂದು ಟಿಕ್ ಇದೆ, ಅದನ್ನ ತೆಗೆದು ಸೇವ್ ಮಾಡಿ, ವಿಎಲ್‌ಸಿ ಮುಚ್ಚಿ ಮತ್ತೆ ತೆಗೀರಿ. ಈಗ ಕತ್ತರಿ-ಅಂಟು ಕೆಲಸನೇ ಇಲ್ಲ, ಟೇಪ್ ರೆಕಾರ್ಡರ್ ಥರ ವೇಗದ ಜೊತೆ ಶ್ರುತಿನೂ ಇಳಿಯುತ್ತೆ. ಸರಿಯಾಗಿ ಅರ್ಧ ಸ್ಪೀಡ್ ಇಟ್ರೆ ಎಲ್ಲಾ ಸ್ವರನೂ ಸರಿಯಾಗಿ ಒಂದು ಸ್ಥಾಯಿ ಕೆಳಗೆ ಬರುತ್ತೆ, ಅಂದ್ರೆ ಷಡ್ಜ ಷಡ್ಜನೇ, ಮಂದ್ರದಲ್ಲಿ ಅಷ್ಟೇ. ನೀವು ಪಿಟೀಲಿನ ಶ್ರುತಿ ಬದಲಾಯಿಸದೆ ಜೊತೇಲೇ ನುಡಿಸಬಹುದು, ಗಮಕದ ಒಂದೊಂದು ಓಲಾಟನೂ ಬಿಡಿಬಿಡಿಯಾಗಿ ಕೇಳುತ್ತೆ. ಮೇಷ್ಟ್ರ ದನಿ ಮಾತ್ರ ಯಕ್ಷಗಾನದ ಬಣ್ಣದ ವೇಷದ ಥರ ಇರುತ್ತೆ, ನಕ್ಕು ಸುಮ್ಮನಾಗಿ.

ಆದ್ರೆ ಟಿಕ್ ತೆಗೆದಿರೋವಾಗ ಸ್ಪೀಡ್ 0.75 ಇಡಬೇಡಿ. ಅದು ಮುಕ್ಕಾಲು ಪಾಲು, ಅಂದ್ರೆ ಷಡ್ಜ ಹೋಗಿ ಮಂದ್ರ ಪಂಚಮದ ಜಾಗದಲ್ಲಿ ಕೂತ್ಕೊಳ್ಳುತ್ತೆ, ಹಾರ್ಮೋನಿಯಂ ಮನೆ ಲೆಕ್ಕದಲ್ಲಿ 5 ಮನೆ ಶ್ರುತಿ ಇದ್ದಿದ್ದು 2 ಮನೆಗೆ ಬರುತ್ತೆ. ತಂತಿ ಇಳಿಸ್ಕೊಂಡು ನುಡಿಸ್ತೀನಿ ಅಂದ್ರೆ ಸರಿ. ಇಲ್ಲ, ಮೂಲ ಶ್ರುತಿನೇ ಬೇಕು ಅಂದ್ರೆ ಟಿಕ್ ವಾಪಸ್ ಹಾಕಿ ಆಗ 0.75 ಅಥವಾ 0.8 ಇಡಿ, ಅಷ್ಟು ಇಳಿಸಿದ್ರೆ ಹೊಲಿಗೆ ಅಷ್ಟಾಗಿ ಗೊತ್ತಾಗಲ್ಲ. ಸ್ಪೀಡ್ ಸಣ್ಣಸಣ್ಣದಾಗಿ ಇಳಿಸೋಕೆ ಏರಿಸೋಕೆ [ ಮತ್ತು ] ಕೀಗಳಿವೆ.

ಇನ್ನೊಂದು ಮಾತು, ವಾಟ್ಸಾಪಲ್ಲಿ ವಿಡಿಯೋ ಅಂತಲೇ ಕಳಿಸಿದ್ರೆ ಅದು ಹಿಂಡಿ ಚಿಕ್ಕದು ಮಾಡುತ್ತೆ, ಮಾಮೂಲಿ ಸ್ಪೀಡಲ್ಲಿ ಮುಚ್ಚಿಹೋಗಿರೋ ಕೊರತೆ ನಿಧಾನ ಮಾಡಿದಾಗ ಎದ್ದು ಕಾಣುತ್ತೆ. ಮೇಷ್ಟ್ರಿಗೆ ಅದೇ ಫೈಲನ್ನ ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನಿ.

ಪ್ರಶ್ನೆ: ಕೆಎಎಸ್‌ಗೆ ಓದ್ತಿದೀನಿ, ಕ್ಲಾಸ್ ವಿಡಿಯೋಗಳು ಗುಡ್ಡೆ ಬಿದ್ದಿವೆ ಅಂತ ಬ್ರೌಸರಲ್ಲಿ 2ಎಕ್ಸ್ ಇಟ್ಟು ಕೇಳ್ತೀನಿ. ಕೆಲವು ದಿನ ಸರಿ ಇರುತ್ತೆ, ಕೆಲವು ದಿನ ಮೇಷ್ಟ್ರು ಡಬ್ಬದೊಳಗೆ ಕೂತು ಮಾತಾಡಿದ ಹಾಗೆ, ನಡುನಡುವೆ ಪಟಪಟ ಅಂತ ಸೌಂಡು. ಬ್ಲೂಟೂತ್ ಇಯರ್‌ಫೋನ್ ಬಳಸ್ತೀನಿ.
– ಧಾರವಾಡದ ವಿದ್ಯಾರ್ಥಿ

ಉತ್ತರ: "ಕೆಲವು ದಿನ" ಅಂದ್ರಲ್ಲ, ಅದರಲ್ಲೇ ಸುಳಿವಿದೆ. ಆ ದಿನಗಳಲ್ಲಿ ಪಕ್ಕದ ಟ್ಯಾಬಲ್ಲಿ ಮೀಟಿಂಗೋ ಆನ್‌ಲೈನ್ ಡೌಟ್ ಕ್ಲಾಸೋ ತೆರೆದೇ ಇರುತ್ತಾ ನೋಡಿ. ಇಯರ್‌ಫೋನಿನ ಮೈಕನ್ನ ಯಾವುದಾದ್ರೂ ಆಪ್ ಹಿಡ್ಕೊಂಡಿದ್ರೆ ಹೆಚ್ಚಿನ ಬ್ಲೂಟೂತ್ ಇಯರ್‌ಫೋನು ಹಾಡಿನ ಮೋಡ್ ಬಿಟ್ಟು ಫೋನ್ ಕಾಲ್ ಮೋಡಿಗೆ ಹೋಗುತ್ತೆ, ಸೌಂಡು ಎರಡು ಕಿವಿಗೂ ಒಂದೇ ಆಗಿ ಹರಿತ ಎಲ್ಲಾ ಹೋಗುತ್ತೆ. ಮೊದ್ಲೇ ಕೊರೆ ಆಗಿರೋ ಆ ದನಿ 2ಎಕ್ಸಲ್ಲಿ ಓಡಿದ್ರೆ ಡಬ್ಬ ಅನ್ನಿಸದೆ ಇನ್ನೇನು. ನಂಗೂ ಇದೇ ಆಗಿ ಒಂದು ವಾರ ಇಯರ್‌ಫೋನ್ ಬೈಕೊಂಡು ತಿರುಗಿದೀನಿ. ಆ ಟ್ಯಾಬ್ ಮುಚ್ಚಿ, ಇಲ್ಲಾ ಸೆಟ್ಟಿಂಗಲ್ಲಿ ಮೈಕ್ ಮಾತ್ರ ಲ್ಯಾಪ್‌ಟಾಪಿಂದು ಅಂತ ಆರಿಸಿ.

ಪಟಪಟ ಬೇರೆ ಕಾಯಿಲೆ. 60 ಫ್ರೇಮಿನ ವಿಡಿಯೋ 2ಎಕ್ಸ್ ಆದ್ರೆ ಕಂಪ್ಯೂಟರಿಗೆ ಸೆಕೆಂಡಿಗೆ 120 ಫ್ರೇಮ್ ಬಿಡಿಸೋ ಕೆಲಸ, ಹಳೇ ಮಷಿನ್ ಏದುಸಿರು ಬಿಡುತ್ತೆ, ಸೌಂಡ್ ತುಂಡಾಗುತ್ತೆ. ಬೋರ್ಡಿನ ಅಕ್ಷರ ಓದೋಕಾದ್ರೆ ವಿಡಿಯೋ ಕ್ವಾಲಿಟಿ 480ಕ್ಕೆ ಇಳಿಸಿ. ಮತ್ತೆ, ವೇಗ ಹೆಚ್ಚಿಸಿದಾಗ ಚೂರುಗಳನ್ನ ಎಸೀತಾರೆ, ಒತ್ತಕ್ಷರಗಳೇ ಮೊದ್ಲು ಬಲಿ, ಮೇಷ್ಟ್ರು ಖಾಲಿ ಹಾಲಲ್ಲಿ ನಿಂತು ರೆಕಾರ್ಡ್ ಮಾಡಿದ್ರೆ ಪ್ರತಿಧ್ವನಿನೂ ಸೇರಿ ಎಲ್ಲಾ ಕಲಸಿಹೋಗುತ್ತೆ. ಅಂಥ ವಿಡಿಯೋಗೆ ಯಾವ ಸೆಟ್ಟಿಂಗೂ ಇಲ್ಲ, 1.5ಕ್ಕೆ ಬನ್ನಿ.

ಪ್ರಶ್ನೆ: ಗೃಹಪ್ರವೇಶದ ವಿಡಿಯೋಲಿ ಹಸು ಒಳಗೆ ಬರೋದನ್ನ ಸ್ಲೋ ಮಾಡಿದೆ, ಪುರೋಹಿತರ ಮಂತ್ರ ರಾಕ್ಷಸರ ಥರ ಆಯ್ತು. ಮನೇಲಿ ಬೈತಿದಾರೆ.
– ಹಾಸನದ ಓದುಗರು

ಉತ್ತರ: ಎಡಿಟಿಂಗ್ ಆಪಲ್ಲಿ ಸ್ಪೀಡ್ ಬದಲಿಸೋ ಜಾಗದಲ್ಲೇ ಪಿಚ್ (ಶ್ರುತಿ) ಕಾಪಾಡೋ ಆಯ್ಕೆ ಇದೆಯಾ ಹುಡುಕಿ, ಅಡೋಬಿ ಪ್ರೀಮಿಯರ್‌ಲಿ ಅದು ಒಂದು ಟಿಕ್ಕು. ಆದ್ರೆ ಹಾಗೆ ಮಾಡಿದ್ರೂ ಮಂತ್ರ ಎಳೆದೆಳೆದು ಬರುತ್ತೆ. ನಾನಾಗಿದ್ರೆ ಸ್ಲೋ ಮಾಡೋ ಮೊದ್ಲೇ ಆಡಿಯೋನ ವಿಡಿಯೋದಿಂದ ಬೇರೆ ಮಾಡಿ, ಚಿತ್ರ ಮಾತ್ರ ನಿಧಾನ ಮಾಡಿ, ಮಂತ್ರ ಅದರ ಪಾಡಿಗೆ ಅದರ ವೇಗದಲ್ಲೇ ಹೋಗೋಕೆ ಬಿಡ್ತೀನಿ. ಹಸು ನಡೆಯೋದಕ್ಕೂ ಮಂತ್ರಕ್ಕೂ ತುಟಿ ಹೊಂದಿಸೋ ತೊಂದರೆ ಅಂತೂ ಇಲ್ವಲ್ಲ.